ಕೊನೆಯ ತಟ್ಟೆಗೂ ಬಿಸಿ ಸಾರು

ಹೋದ ಬೇಸಿಗೆಯಲ್ಲಿ ಸಿಕ್ಕ ಹದಿನೈದು ದಿನದ ರಜೆಯಲ್ಲಿ ನಾವು ಮೂವರು ಮದುವೆ ಊಟ ಬಡಿಸೋ ಕೆಲಸಕ್ಕೆ ಹೋಗಿದ್ವಿ. ನಮ್ಮಲ್ಲಿ ಒಬ್ಬ ಯಾದಗಿರಿಯವನು, ಒಬ್ಬ ಶಹಾಪುರದವನು, ಇನ್ನೊಬ್ಬ ಸುರಪುರದವನು. ಮನೆಯಲ್ಲಿ ಕೂತರೆ ಫ್ಯಾನಿನ ಕೆಳಗೂ ಬೆವರು, ಮೇಲಾಗಿ ಮೊಬೈಲ್ ರೀಚಾರ್ಜಿಗೆ ಅಪ್ಪನ ಮುಂದೆ ನಿಲ್ಲೋ ಕಷ್ಟ. ಲಗ್ನದ ಸೀಜನ್ನಿನಲ್ಲಿ ಕ್ಯಾಟರಿಂಗ್‌ನವರಿಗೆ ಹುಡುಗರು ಎಷ್ಟಿದ್ದರೂ ಸಾಲದು. ಕರೀ ಪ್ಯಾಂಟು, ಬಿಳಿ ಅಂಗಿ ನಿಮ್ಮದು, ಟೋಪಿ ನಮ್ಮದು ಅಂದ್ರು. ಹೋದ್ವಿ.

ಶಹಾಪುರದ ಕಡೆಯ ಒಂದು ಫಂಕ್ಷನ್ ಹಾಲ್. ಹೆಸರು ಬೇಡ, ಯಾಕಂದ್ರೆ ಇದು ಒಂದೇ ಹಾಲಿನ ಕಥೆ ಅಲ್ಲ. ಊಟದ ಕೋಣೆಯಲ್ಲಿ ಸಾಲಾಗಿ ಹೊಳೆಯೋ ಸ್ಟೀಲ್ ಪೆಟ್ಟಿಗೆಗಳು. ಮೇಲೆ ಉರುಳೋ ಮುಚ್ಚಳ, ಮುಂದೆ ಒಂದು ಕೆಂಪು ದೀಪ, ತಿರುಗಿಸೋ ಒಂದು ಗುಂಡಿ, ಹಿಂದೆ ಬಾಲದ ಹಾಗೆ ಒಂದು ವೈರು. ಪೆಟ್ಟಿಗೆಯ ತಳದಲ್ಲಿ ನೀರು, ನೀರಿನ ಮೇಲೆ ಊಟದ ಟ್ರೇ. ಕ್ಯಾಟರಿಂಗ್ ಭಾಷೆಯಲ್ಲಿ ಇದಕ್ಕೆ ಬೇನ್ ಮರಿ ಅಂತ ಹೆಸರು. ಹಳೇ ಕಾಲದ ಮರಿಯಾ ಅನ್ನೋ ರಸವಾದಿ ಹೆಂಗಸಿನ ಹೆಸರಿನಿಂದ ಬಂತು ಅಂತಾರೆ. ನಮ್ಮ ಸೂಪರ್‌ವೈಸರ್ ಅಣ್ಣನಿಗೆ ಆ ಮರಿಯಾ ಗೊತ್ತಿಲ್ಲ, ಅವನಿಗೆ ಅದು 'ಹೀಟರ್'. ನಾವೂ ಹಂಗೇ ಅಂತೀವಿ.

ಅವತ್ತು ಎರಡು ಸಂಗತಿ ನಡೆದವು. ಈ ಲೇಖನ ಬರೆಯೋದಕ್ಕೆ ಅವೆರಡೇ ಕಾರಣ.

ಮೊದಲನೇದು ಹನ್ನೆರಡೂವರೆ ಸುಮಾರಿಗೆ. ಸಾರಿನ ಸೌಟು ಪೆಟ್ಟಿಗೆಯ ಅಂಚಿಗೆ ತಾಗಿದ ಕೂಡಲೇ ಸುರಪುರದವನ ಕೈ ಜುಮ್ ಅಂತು. ಮೊದಲು ಭ್ರಮೆ ಅಂದ್ಕೊಂಡ. ಎರಡನೇ ಸಲ ಮೊಣಕೈವರೆಗೂ ಬಂತು. ನೆಲದ ಮೇಲೆ ಸಾರು, ನೀರು ಚೆಲ್ಲಿ ಒದ್ದೆ.

'ಅಣ್ಣಾ, ಇದರಾಗ ಕರೆಂಟ್ ಬರ್ಲತದ.'

'ಚಪ್ಪಲ್ ಹಾಕ್ಕೊಂಡು ಬಡಸು ತಮ್ಮಾ, ಏನೂ ಆಗಲ್ಲ.'

ಎರಡನೇದು ಮೂರೂವರೆಗೆ. ಬೀಗರು, ಊರ ಹಿರಿಯರು, ಆಫೀಸರುಗಳು ಎಲ್ಲಾ ಉಂಡು ಹೋಗಿದ್ರು. ಮೂರಕ್ಕೇ ಹೀಟರ್‌ಗಳ ಸ್ವಿಚ್ ತೆಗೆದಿದ್ರು. ನೀರು ಚೆಲ್ಲಿ, ಪೆಟ್ಟಿಗೆ ಆರಿಸಿ, ಗಾಡಿಗೆ ಹೇರಬೇಕಿತ್ತು. ಸಂಜೆ ಯಾದಗಿರಿಯಲ್ಲಿ ಇನ್ನೊಂದು ರಿಸೆಪ್ಷನ್. ಅದಾದ ಮೇಲೆ ತಟ್ಟೆ ಹಿಡಿದವರು ಭಾಂಡೆ ತೊಳೆಯೋ ಹೆಂಗಸರು, ಬ್ಯಾಂಡಿನವರು, ಡ್ರೈವರ್‌ಗಳು, ನಸುಕಿನಲ್ಲಿ ಎದ್ದು ಒಲೆ ಹಚ್ಚಿದ ಅಡುಗೆಯವರು, ಮತ್ತೆ ನಾವು. ಅನ್ನ ಗಟ್ಟಿಯಾಗಿತ್ತು. ಸಾರು ಹೊರಗಿನ ಬಿಸಿಲಿನಷ್ಟೇ ಬೆಚ್ಚಗಿತ್ತು. ಪಕ್ಕದಲ್ಲಿ ಕೂತಿದ್ದ ಒಬ್ಬ ಆಯಿ ನಕ್ಕೊಂಡೇ ಅಂದಳು: 'ನಮ್ ಪಾಲಿಗಿ ಬಿಸಿ ಅಂದ್ರ ಬಿಸಲೇ ನೋಡ್ ಯಪ್ಪಾ.'

ಆ ಮಾತು ತಲೆಯಲ್ಲೇ ಉಳೀತು. ಈಗ ನವೆಂಬರ್ ಹತ್ತಿರ ಬರ್ತಿದೆ. ನಮ್ಮ ಕ್ಲಬ್ಬಿನ ರಾಜ್ಯೋತ್ಸವದ ಊಟಕ್ಕೆ ಈ ಸಲ ಬಫೆ, ಅದೂ ಎಲೆಕ್ಟ್ರಿಕ್ ಕೌಂಟರ್ ಅಂತ ಮೀಟಿಂಗಿನಲ್ಲಿ ಮಾತಾಯ್ತು. ಹೋದ ವರ್ಷ ವಾಲಂಟಿಯರ್‌ಗಳು ನಾಲ್ಕು ಗಂಟೆಗೆ ಏನುಂಡ್ರು ಅಂತ ಉಂಡವರಿಗೆ ನೆನಪಿರಬೇಕು. ಅದಕ್ಕೇ ಈಗಲೇ ಹೇಳಿಬಿಡ್ತೀವಿ: ಹೀಟರ್ ಒಳ್ಳೇದೋ ಕೆಟ್ಟದ್ದೋ ಅಂತ ನೋಡಬೇಕಾದದ್ದು ಮೊದಲ ತಟ್ಟೆಯಿಂದ ಅಲ್ಲ. ಕೊನೆಯ ತಟ್ಟೆಯಿಂದ, ಮತ್ತೆ ಅದರ ಹಿಂದೆ ನಿಂತವನ ಕೈಯಿಂದ.

ಮೊದಲು ಒಂದು ತಪ್ಪು ತಿಳುವಳಿಕೆ. ಹೀಟರ್ ಊಟವನ್ನು ಬಿಸಿ ಮಾಡ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಅದು ಬಿಸಿ ಇದ್ದದ್ದನ್ನು ಬಿಸಿಯಾಗಿ ಹಿಡಿದಿಡೋ ಯಂತ್ರ, ಅಷ್ಟೇ. ಲೆಕ್ಕ ನೋಡಿ. ಒಂದು ಪೆಟ್ಟಿಗೆಯ ಕಾಯಿಲ್ 1500 ವ್ಯಾಟ್ ಅಂತ ಇಟ್ಕೊಳ್ಳೋಣ. ತಳಕ್ಕೆ 10 ಲೀಟರ್ ನಲ್ಲಿ ನೀರು ಹಾಕಿದರೆ, 30 ಡಿಗ್ರಿಯಿಂದ 80 ಡಿಗ್ರಿಗೆ ಏರಿಸೋಕೆ ಸುಮಾರು 2100 ಕಿಲೋಜೌಲ್ ಬೇಕು. ಒಂದು ಚೂರೂ ಬಿಸಿ ಸೋರಿ ಹೋಗದಿದ್ದರೂ 23 ನಿಮಿಷ. ಇದು ನೀರಿಗೆ ಮಾತ್ರ. ಮೇಲಿನ ಟ್ರೇಯ ಸಾರಿಗೆ ಇನ್ನೂ ಏನೂ ಮುಟ್ಟಿಲ್ಲ. ಆರಿದ ಸಾರನ್ನು ತಂದು ಅದರಲ್ಲಿಟ್ಟರೆ ಅದು ಮೆಲ್ಲಗೆ, ಬಹಳ ಮೆಲ್ಲಗೆ ಬೆಚ್ಚಗಾಗ್ತಾ ಹೋಗ್ತದೆ. ಆ 'ಬಹಳ ಮೆಲ್ಲಗೆ' ಅನ್ನೋದೇ ಅಪಾಯ. ಬೇಯಿಸಿದ ಊಟವನ್ನು 60 ಡಿಗ್ರಿಗಿಂತ ಮೇಲೆ ಇಡಿ, ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. 5ರಿಂದ 60 ಡಿಗ್ರಿ ಒಳಗೆ ರೋಗಾಣುಗಳಿಗೆ ಹಬ್ಬ. ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್ ಅನ್ನೋದರ ಬೀಜಾಣುಗಳು ಕುದಿಸಿದರೂ ಸಾಯೋದಿಲ್ಲ. ಅನ್ನ ಆರಿದ ಮೇಲೆ ಎದ್ದು ವಿಷ ಬಿಡ್ತಾವೆ, ಮತ್ತೆ ಬಿಸಿ ಮಾಡಿದರೂ ವಾಂತಿ ಮಾಡಿಸೋ ಆ ವಿಷ ಹೋಗಲ್ಲ. ಬೇಸಿಗೆಯಲ್ಲಿ 40 ದಾಟೋ ನಮ್ಮ ಜಿಲ್ಲೆಯಲ್ಲಿ ಊಟ 'ತಣ್ಣಗೆ' ಅನ್ನಿಸೋದೂ ಇಲ್ಲ. ಬಿಸಿಲಿನಿಂದಲೇ ಬೆಚ್ಚಗೆ ಇರ್ತದೆ, ಕೈಯಿಟ್ಟು ನೋಡಿದವರು 'ಬಿಸಿ ಅದ' ಅಂತಾರೆ. ಆ ಆಯಿ ಹೇಳಿದ್ದು ತಮಾಷೆ ಅಲ್ಲ ಅನ್ನೋದು ನಮಗೆ ಆಮೇಲೆ ಹೊಳೀತು.

ಇನ್ನು ಮುಚ್ಚಳ. ಬಂದವರು ಸೌಟು ಎತ್ತಿ ಬಡಿಸ್ಕೊಂಡು ಮುಚ್ಚಳ ಹಂಗೇ ಬಿಟ್ಟು ಮುಂದೆ ಹೋಗ್ತಾರೆ. ತೆರೆದ ಟ್ರೇಯಿಂದ ಆವಿ ಏಳ್ತದೆ, ನೋಡೋಕೆ ಚೆಂದ, ಫೋಟೋಗೂ ಚೆಂದ. ಆದರೆ ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2250 ಕಿಲೋಜೌಲ್ ಬೇಕು. ಅಂದ್ರೆ 1500 ವ್ಯಾಟಿನ ಹೀಟರ್ 25 ನಿಮಿಷ ದುಡಿದದ್ದೆಲ್ಲ ಗಾಳಿಗೆ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ. 'ಲೇಟೆಂಟ್ ಹೀಟ್' ಪ್ರಾಬ್ಲಮ್ ಫಿಸಿಕ್ಸ್ ಸೈಕಲ್ಲಿನಲ್ಲಿ ಎಷ್ಟೋ ಸಲ ಬಿಡಿಸಿದ್ವಿ, ಅದು ಸಾರಿನ ಟ್ರೇಯಲ್ಲಿ ಕೂತಿದೆ ಅಂತ ಗೊತ್ತಿರಲಿಲ್ಲ. ಅದಕ್ಕೆ ಕನ್ನಡದಲ್ಲಿ 'ಗುಪ್ತೋಷ್ಣ' ಅಂತಾರೆ ಅನ್ನೋದು ಈ ಲೇಖನ ಬರೆಯುವಾಗ ಗೊತ್ತಾಯ್ತು. ಎಂಥ ಚೆಂದ ಪದ!

ಈಗ ಕರೆಂಟಿನ ಮಾತು. ಸೌಟು ಜುಮ್ ಅಂದ ಮೇಲೆ ನಾವು ಸುಮ್ಮನೆ ಕೂರಲಿಲ್ಲ, ಬಗ್ಗಿ ವೈರ್ ಹಿಡಕೊಂಡು ಹೋದ್ವಿ. ನಾಲ್ಕು ಹೀಟರ್‌ಗಳಿಗೆ ಒಂದೇ ಎಕ್ಸ್‌ಟೆನ್ಷನ್. ಒಂದಕ್ಕೆ ಪ್ಲಗ್ಗೇ ಇಲ್ಲ, ಎರಡು ವೈರು ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಗಿಸಿದ್ರು. ಮೂರನೇ ವೈರು, ಅರ್ಥಿಂಗಿನ ಹಸಿರು ವೈರು, ಕತ್ತರಿಸಿ ಮಡಚಿ ಟೇಪ್ ಸುತ್ತಿತ್ತು. ಯಾಕಣ್ಣಾ ಅಂದ್ರೆ, 'ಅದು ಹಾಕಿದ್ರ ಟ್ರಿಪ್ ಆಗ್ತದ' ಅಂದ. ಟ್ರಿಪ್ ಆಗೋದೇ ಅದರ ಕೆಲಸ ಅಂತ ಅವನಿಗೆ ಯಾರೂ ಹೇಳಿಲ್ಲ. ನಮಗೆ ಹೇಳಿಕೊಟ್ಟಿದ್ದಾರೆ, ಹತ್ತು ಮಾರ್ಕಿನ ಪ್ರಶ್ನೆಯಾಗಿ.

ಹೀಟರ್ ಒಳಗಿನ ಕಾಯಿಲ್ ನೀರಿನ ಪಕ್ಕದಲ್ಲೇ ಇರ್ತದೆ. ನೀರು ಬತ್ತಿದ ಮೇಲೂ ಒಣಗಿದ ಪೆಟ್ಟಿಗೆ ಕಾಯಿಸಿದರೆ ಕಾಯಿಲಿನ ಹೊದಿಕೆ ಸುಟ್ಟು ಬಿರುಕು ಬಿಡ್ತದೆ, ಮುಂದಿನ ಮದುವೆಯಲ್ಲಿ ಅದೇ ಬಿರುಕಿನಿಂದ ಕರೆಂಟು ಪೆಟ್ಟಿಗೆಯ ಮೈಗೆ ಇಳೀತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗ್ತಿತ್ತು. ಇಲ್ಲದಿದ್ದರೆ ದಾರಿ ಕಾಯ್ತಾ ಇರ್ತದೆ. ಒದ್ದೆ ನೆಲದ ಮೇಲೆ ನಿಂತ ಹುಡುಗನ ಕೈ ಸಿಕ್ಕರೆ ಅದೇ ದಾರಿ. ಒದ್ದೆ ಮೈಯ ರೋಧ ಸಾವಿರ ಓಮ್ ಅಂತ ಹಿಡಿದರೆ 230 ವೋಲ್ಟಿಗೆ 230 ಮಿಲಿಆಂಪ್. ಮನೆಗೆ ಹಾಕೋ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿದರೇ ಕಣ್ಣು ಮಿಟುಕಿಸೋದರೊಳಗೆ ಕರೆಂಟು ಕಡೀತದೆ. ಆ ಒಂದು ಡಬ್ಬಿಯ ಖರ್ಚು ಒಂದು ಮಧ್ಯಮ ಮದುವೆಯ ಐಸ್‌ಕ್ರೀಮಿನ ಖರ್ಚಿಗಿಂತ ಕಡಿಮೆ. ಸುರಪುರದವನಿಗೆ ಜುಮ್ ಅಂದು ಬಿಟ್ಟಿತು, ಚಪ್ಪಲ್ ಒಣಗಿತ್ತು ಅಂತ ಕಾಣ್ತದೆ. ನಮ್ಮ ಜೊತೆ ಬಡಿಸ್ತಿದ್ದವರಲ್ಲಿ ಪಿಯುಸಿ ಹುಡುಗರೂ ಇದ್ರು, ಒಬ್ಬ ಬರಿಗಾಲಿನಲ್ಲೇ ಇದ್ದ.

ಆ ಎಕ್ಸ್‌ಟೆನ್ಷನ್ ವೈರಿನ ಲೆಕ್ಕವನ್ನೂ ಹಾಕಿದ್ವಿ. ನಾಲ್ಕು ಹೀಟರ್ ಸೇರಿ 26 ಆಂಪ್. ವೈರು 1.5 ಚದರ ಮಿಲಿಮೀಟರಿನದು, ಉದ್ದ 30 ಮೀಟರ್ ಅಂತ ಹಿಡಿಯೋಣ. ಹೋಗಿ ಬರೋ ದಾರಿ 60 ಮೀಟರ್, ರೋಧ ಸುಮಾರು 0.7 ಓಮ್. 18 ವೋಲ್ಟ್ ವೈರಲ್ಲೇ ಬೀಳ್ತದೆ, 470 ವ್ಯಾಟ್ ವೈರನ್ನೇ ಕಾಯಿಸ್ತದೆ. ಕಾರ್ಪೆಟ್ಟಿನ ಕೆಳಗೆ ಐದನೇ ಹೀಟರ್ ಇದ್ದಂಗೆ! ಇದರ ಜೊತೆ ಹಾಲಿನ ಎಸಿ, ಸ್ಟೇಜಿನ ಲೈಟು ಎಲ್ಲ ಎಳೆದಾಗ ವೋಲ್ಟೇಜ್ ಇನ್ನೂ ಇಳೀತದೆ. 180ಕ್ಕೆ ಇಳಿದರೆ ಹೀಟರಿನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯಲ್ಲ, ವರ್ಗದ ಲೆಕ್ಕದಲ್ಲಿ ಇಳೀತದೆ. 1500 ವ್ಯಾಟಿನದು 920 ವ್ಯಾಟ್ ಆಗ್ತದೆ. ಮೊದಲು ಹೇಳಿದ 23 ನಿಮಿಷ 38 ಆಗ್ತದೆ. ಕೆಂಪು ದೀಪ ಮಾತ್ರ ಹಂಗೇ ಉರೀತಿರ್ತದೆ, ಎಲ್ಲಾ ಸರಿ ಇದೆ ಅನ್ನೋ ಥರ.

ಹಾಗಂತ ನಾವು ಎಲೆಕ್ಟ್ರಿಕ್ ಹೀಟರಿನ ವಿರೋಧಿಗಳಲ್ಲ. ಯಾದಗಿರಿ ಸ್ಟೇಷನ್ ಕಡೆಯ ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ಸಾಂಬಾರಿಗೆ ಇಂಥದ್ದೇ ನೀರಿನ ಪೆಟ್ಟಿಗೆ ಇದೆ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ವೈರಿಂಗು, ಒಂದೇ ಜಾಗ, ಒಂದೇ ಸಾಕೆಟ್ಟು. ಬೆಳಿಗ್ಗೆ ಆರಕ್ಕೆ ಸಿಕ್ಕ ಸಾಂಬಾರು ಹತ್ತಕ್ಕೂ ಅಷ್ಟೇ ಬಿಸಿ. 'ಗ್ಯಾಸ್ ಸಣ್ಣ ಮಾಡಿ ಇಟ್ರೂ ತಳ ಹತ್ತತಿತ್ರಿ. ಇದರಾಗ ಹತ್ತಂಗಿಲ್ಲ' ಅಂದ್ರು ಹೋಟೆಲ್ ಕಾಕಾ. ನಿಜ, ಸುತ್ತಲೂ ನೀರಿರೋ ತನಕ ಪಾತ್ರೆ 100 ಡಿಗ್ರಿ ದಾಟಲ್ಲ, ತಳ ಹಿಡಿಯೋ ಪ್ರಶ್ನೆಯೇ ಇಲ್ಲ. ಬಫೆಯಲ್ಲಿ ಕರೆಂಟಿನ ಬದಲು ಇಡೋ ಜೆಲ್ ಡಬ್ಬಿಗಳಿಗಿಂತಲೂ ಇದು ವಾಸಿ. ಮೆಥನಾಲ್ ಜೆಲ್ ಇದ್ದರೆ ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣೋದೇ ಇಲ್ಲ. ಪಕ್ಕದಲ್ಲಿ ರೇಷ್ಮೆ ಸೀರೆ ಸೆರಗು ಹಾರ್ತಾ ಇರ್ತದೆ.

ಬಫೆ ಬೇಡ, ಪಂಕ್ತಿಯೇ ಇರಲಿ, ಅದೇ ನಮ್ಮ ಸಂಸ್ಕೃತಿ ಅಂತ ಹೇಳೋರೂ ನಮ್ಮ ಕ್ಲಬ್ಬಿನಲ್ಲಿದ್ದಾರೆ. ಅವರ ಮಾತಿನಲ್ಲಿ ಒಂದು ಸತ್ಯ ಇದೆ. ಪಂಕ್ತಿಯಲ್ಲಿ ಊಟ ಒಲೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಎಲೆಗೆ ಬರ್ತದೆ, ನಡುವೆ ಕಾಯೋ ಹೊತ್ತೇ ಇಲ್ಲ, ಹೀಟರಿನ ಗರಜೇ ಇಲ್ಲ. ಆದರೆ ಮೊದಲ ಪಂಕ್ತಿ ಯಾರಿಗೆ, ಕೊನೆಯದು ಯಾರಿಗೆ, ಯಾರ ಪಕ್ಕ ಯಾರು ಕೂರಬಹುದು, ಯಾರ ಎಲೆ ಹೊರಗೆ ಅನ್ನೋ ಲೆಕ್ಕ ನಮ್ಮ ಅಪ್ಪ ಅಮ್ಮಂದಿರ ಕಾಲದವರೆಗೂ ನಡೀತು, ಪೂರ್ತಿ ಹೋಗಿದೆ ಅಂತ ಈಗಲೂ ಹೇಳೋ ಧೈರ್ಯ ನಮಗಿಲ್ಲ. ಬಫೆಯಲ್ಲಿ ನಮ್ಮ ಮುಂದೆ ತಟ್ಟೆ ಹಿಡಿದು ನಿಂತವರು ಯಾರು ಅಂತ ಯಾರೂ ಕೇಳಲ್ಲ. ಇದು ಸಣ್ಣ ಗೆಲುವಲ್ಲ. ನಮಗೆ ಸಿಟ್ಟು ಬಂದದ್ದು ಯಾಕಂದ್ರೆ, ಮೂರು ಗಂಟೆಗೆ ಸ್ವಿಚ್ ತೆಗೆದ ಕೂಡಲೇ ಅದೇ ಹಳೇ ಕೊನೆಯ ಪಂಕ್ತಿ ವಾಪಸ್ ಬಂತು.

ಹಂಗಾದ್ರೆ ಏನ್ ಮಾಡ್ಬೇಕು? ಉತ್ತರ ನಮಗೆ ಸಿಕ್ಕಿದ್ದು ಲ್ಯಾಬಿನಲ್ಲಲ್ಲ, ಸುರಪುರದ ಒಂದು ಮದುವೆಯಲ್ಲಿ, ನಾಲ್ಕು ದಿನದ ನಂತರ. ಅಲ್ಲಿ ಅಡುಗೆಗೆ ಬಂದಿದ್ದ ಹಿರಿಯರು ಶಾಲೆ ಕಲಿತವರಲ್ಲ. ಕೌಂಟರ್ ಹೀಟರ್ ಅಲ್ಲೂ ಇದ್ವು. ಆದರೆ ಪೆಟ್ಟಿಗೆಗೆ ನಲ್ಲಿ ನೀರು ಹಾಕಬೇಕು ಅಂತ ನಾವು ಬಕೆಟ್ ತಂದಾಗ ಬೈದ್ರು. 'ಕುದ್ದ ನೀರ್ ಹಾಕ್ರೋ, ಒಲಿ ಮ್ಯಾಲ ಅದ ನೋಡ್ರಿ.' 23 ನಿಮಿಷ, 38 ನಿಮಿಷದ ಲೆಕ್ಕ ಅಲ್ಲಿಗೇ ಮುಗೀತು! ಕರೆಂಟು ಈಗ ಬಿಸಿ ಹುಟ್ಟಿಸಬೇಕಿಲ್ಲ, ಕಾಯ್ದುಕೊಂಡರೆ ಸಾಕು. ಟ್ರೇ ತುಂಬಾ ಸುರಿಯೋಕೂ ಬಿಡಲಿಲ್ಲ. ಅರ್ಧ ಟ್ರೇ ಹಾಕು, ಖಾಲಿ ಆದ ಮೇಲೆ ಮತ್ತ ಬಾ. ಉಳಿದ ಸಾರು ದೊಡ್ಡ ದೇಗಿನಲ್ಲಿ, ಮೇಲೆ ಭಾರದ ಮುಚ್ಚಳ, ಸುತ್ತಲೂ ಗೋಣಿಚೀಲ, ಕೆಳಗೆ ಕೆಂಡ.

ದೇಗಿನ ಗುಟ್ಟು ಆಮೇಲೆ ಲೆಕ್ಕ ಹಾಕಿ ನೋಡಿದ್ವಿ. ಬಫೆಯ ಟ್ರೇ ಯುರೋಪಿನ ಅಳತೆ, 530 ಮಿಲಿಮೀಟರ್ ಉದ್ದ, 325 ಅಗಲ. ಎಂಟು ಲೀಟರ್ ಸಾರಿಗೆ ಇಷ್ಟಗಲ ಬಾಯಿ. ಅರ್ಧ ಮೀಟರ್ ಅಗಲದ ದೇಗಿನ ಬಾಯಿಯೂ ಹೆಚ್ಚು ಕಡಿಮೆ ಅಷ್ಟೇ, ಆದರೆ ಅದರ ಹೊಟ್ಟೆಯಲ್ಲಿ 60 ಲೀಟರ್. ಅಷ್ಟೇ ಬಾಯಿ, ಏಳೆಂಟು ಪಟ್ಟು ಹೊಟ್ಟೆ. ಬಿಸಿ ಹೋಗೋ ದಾರಿ ಕಡಿಮೆ, ಬಿಸಿಯ ದಾಸ್ತಾನು ಹೆಚ್ಚು. ನಮ್ಮ ಮೂರೂ ಊರುಗಳ ಮುಸ್ಲಿಂ ಮದುವೆಗಳಲ್ಲಿ ಬಿರಿಯಾನಿ ದೇಗಿನ ಮುಚ್ಚಳದ ಮೇಲೂ ಕೆಂಡ ಹಾಕಿ ದಮ್ ಕೊಡ್ತಾರೆ. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನ ತೆಗೆದರೂ ಬೆರಳು ಸುಡ್ತದೆ, ಒಂದು ಯೂನಿಟ್ ಕರೆಂಟೂ ಖರ್ಚಾಗಿಲ್ಲ.

ಹಳೇ ಮನೆಗಳ ಕೋಡೊಲೆ ನೆನಪಾಯ್ತು. ದೊಡ್ಡ ಒಲೆಯ ಪಕ್ಕದಲ್ಲಿ ಅದಕ್ಕೇ ಅಂಟಿದ ಸಣ್ಣ ಬಾಯಿ. ಅದಕ್ಕೆ ಬೇರೆ ಕಟ್ಟಿಗೆ ಇಲ್ಲ. ದೊಡ್ಡ ಒಲೆಯಿಂದ ತಪ್ಪಿಸಿಕೊಂಡು ಬಂದ ಬಿಸಿಯಲ್ಲೇ ಬ್ಯಾಳಿ, ಹಾಲು, ಹೊಲದಿಂದ ತಡವಾಗಿ ಬರೋರ ಸಾರು ಬೆಚ್ಚಗಿರ್ತಿತ್ತು. ತಡವಾಗಿ ಬರೋರಿಗೆ ಅಂತಲೇ ಒಂದು ಜಾಗ ಆ ಒಲೆಯಲ್ಲಿ ಇತ್ತು! ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯಲ್ಲೂ ಹಿಂದಿನ ಪಾತ್ರೆಗಳನ್ನು ಮುಂದಿನ ಬೆಂಕಿಯ ಬಿಸಿಯೇ ಕಾಯಿಸ್ತದೆ. ದೊಡ್ಡ ವಿಜ್ಞಾನಿಗಳು ನಮ್ಮ ಅಜ್ಜಿಯರ ಒಲೆಯನ್ನು ಗಂಭೀರವಾಗಿ ನೋಡಿದ್ರು. ನಮ್ಮ ಸಿಲೆಬಸ್ಸಿನಲ್ಲಿ ಇಬ್ಬರೂ ಇಲ್ಲ.

ಕರೆಂಟಿನ ಹೀಟರಿನದು ಇದರ ತದ್ವಿರುದ್ಧ ದಾರಿ. ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡ್ತಿದ್ದಾರೆ. ಅಂಥ ಸ್ಥಾವರದಲ್ಲಿ ಸುಟ್ಟ ಬಿಸಿಯ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಕರೆಂಟಾಗದೆ ಹೋಗ್ತದೆ. ಉಳಿದ ಒಂದು ಪಾಲನ್ನು ತಂತಿಯ ಮೇಲೆ ತಂದು, ಮತ್ತೆ ಬಿಸಿ ಮಾಡಿ, ಮುಚ್ಚಳ ತೆಗೆದು ಆವಿ ಬಿಡ್ತೀವಿ. ಅಡುಗೆಮನೆಯಲ್ಲಿ ಕುದಿಯೋ ನೀರು ಪುಕ್ಕಟೆ ಇರುವಾಗ.

ಇನ್ನೊಂದು ಮಾತು, ಮೆನು ಬಗ್ಗೆ. ನಮ್ಮ ಕಡೆಯ ಊಟದಲ್ಲಿ ಅರ್ಧಕ್ಕರ್ಧ ಹೀಟರೇ ಬೇಡದ್ದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಹೋಳಿಗೆ ಯಾವುದನ್ನೂ ಬಿಸಿಯಾಗಿಡಬೇಕಿಲ್ಲ. ಖಡಕ್ ರೊಟ್ಟಿಯನ್ನು ಹೀಟರಿನಲ್ಲಿಟ್ಟರೆ ಆವಿ ಕುಡಿದು ಚರ್ಮದಂತಾಗ್ತದೆ. ನಾವು ನೋಡಿದ ಹಾಲಿನಲ್ಲಿ ಹಂಗೇ ಇಟ್ಟಿದ್ರು, ದೇವರೇ ಕಾಪಾಡಬೇಕು. ನಿಜವಾಗಿ ಬಿಸಿ ಬೇಕಾದದ್ದು ಅನ್ನ, ಸಾರು, ಎಣ್ಣೆಗಾಯಿ, ಹುಗ್ಗಿ. ನಾಲ್ಕು ಪೆಟ್ಟಿಗೆ ಸಾಕು. ಹತ್ತು ಪೆಟ್ಟಿಗೆ ಯಾಕೆ ಬಂದ್ವು ಅಂದ್ರೆ ಗೋಬಿ ಮಂಚೂರಿ, ಪನೀರ್, ನೂಡಲ್ಸ್ ಎಲ್ಲ ಬಂದ್ವು. ಆ ಗೋಬಿಯೂ ಮುಚ್ಚಳದ ಕೆಳಗೆ ಹತ್ತು ನಿಮಿಷಕ್ಕೆ ಹಸಿ ಮೆತ್ತಗಾಗ್ತದೆ. 'ಕೌಂಟರ್ ಎಷ್ಟಿದ್ವು ಅಂತ ಜನ ಎಣಸ್ತಾರ ತಮ್ಮಾ, ರುಚಿ ಯಾರ್ ಕೇಳ್ತಾರ' ಅಂತ ಸೂಪರ್‌ವೈಸರ್ ಅಣ್ಣ ಅಂದದ್ದು ಸುಳ್ಳಲ್ಲ. ನಮ್ಮ ಕ್ಲಬ್ಬಿನವರೂ ಎಣಿಸ್ತಾರಾ?

ಸುರಪುರದ ಆ ಮದುವೆಯಲ್ಲಿ ಒಂದು ದೇಗಿನ ಮುಚ್ಚಳದ ಮೇಲೆ ಸುಣ್ಣದಲ್ಲಿ ಗೀಟು ಎಳೆದಿದ್ರು. ಅದನ್ನು ಯಾರೂ ಮುಟ್ಟಂಗಿಲ್ಲ ಅಂತ ಹಿರಿಯರ ಆಜ್ಞೆ. ನಾಲ್ಕು ಗಂಟೆಗೆ, ಹಾಲಿನವರು ಹೀಟರ್ ಒರೆಸಿ ಎತ್ತಿಟ್ಟ ಮೇಲೆ, ಅದನ್ನು ತೆಗೆದ್ರು. ಆವಿಗೆ ನಮ್ಮ ಕನ್ನಡಕ ಮಂಜಾಯ್ತು. ಭಾಂಡೆ ತೊಳೆಯೋರು, ಡ್ರೈವರ್‌ಗಳು, ಅಡುಗೆಯವರು, ನಾವು ಒಂದೇ ಸುತ್ತು ಕೂತು ಉಂಡ್ವಿ. ಊದಿಕೊಂಡು ಉಣ್ಣಬೇಕಾಯ್ತು.

ಅದಕ್ಕೇ ರಾಜ್ಯೋತ್ಸವದ ಕಮಿಟಿಗೆ ನಮ್ಮ ಬೇಡಿಕೆ ಇಷ್ಟು. ಕ್ಯಾಟರಿಂಗಿನವರಿಗೆ ಅಡ್ವಾನ್ಸ್ ಕೊಡೋ ಮೊದಲು ಪ್ಲಗ್ ತೋರಿಸಿ ಅನ್ನಿ, ಮೂರು ಪಿನ್ ಇಲ್ಲದ ಪೆಟ್ಟಿಗೆ ನಮ್ಮ ಆಡಿಟೋರಿಯಂ ಒಳಗೆ ಬರೋದು ಬೇಡ. ಒಂದು ಆರ್‌ಸಿಸಿಬಿ ಬೋರ್ಡ್ ಎಲೆಕ್ಟ್ರಿಕಲ್ ಲ್ಯಾಬಿನಿಂದ ಕೇಳಿ ತರೋಣ, ಸರ್ ಇಲ್ಲ ಅನ್ನಲ್ಲ. ಪೆಟ್ಟಿಗೆಗೆ ಕುದ್ದ ನೀರು, ಟ್ರೇಗೆ ಅರ್ಧ, ಮುಚ್ಚಳ ಹಾಕೋಕೆ ಕೌಂಟರಿಗೊಬ್ಬ ವಾಲಂಟಿಯರ್. ವಾಲಂಟಿಯರ್‌ಗಳಿಗೆ ಮತ್ತು ಅಡುಗೆಯವರಿಗೆ ಅಂತ ಗೀಟು ಎಳೆದ ಒಂದು ದೇಗು ಬೇರೆ. ಐಟಂ ಎರಡು ಕಡಿಮೆಯಾದರೂ ಪರವಾಗಿಲ್ಲ.

ಪೆಟ್ಟಿಗೆಗಳು ಇಳಿಯೋ ದಿನ ಬೆಳಿಗ್ಗೆ ಏಳಕ್ಕೆ ನಾವು ಮೂವರೂ ಗೇಟಿನಲ್ಲಿ ಇರ್ತೀವಿ. ಟೆಸ್ಟರ್ ನಾವೇ ತರ್ತೀವಿ. ಸುಣ್ಣದ ತುಂಡೊಂದು ಯಾರಾದರೂ ತನ್ನಿ.